ಕನ್ನಡದ ಫೈಲ್ ಹೆಸರಿಗೆ 47ರ ಮಿತಿ

ಮಾನ್ಯರೇ,

ಕ್ಲೌಡ್‌ಗೆ ಫೈಲ್ ಸಾಗಿಸುವ ಆರ್‌ಕ್ಲೋನ್ ತಂತ್ರಾಂಶದ ಕ್ರಿಪ್ಟ್ ಸೌಲಭ್ಯ ಬಳಸಿ ವಿಡಿಯೊಗಳನ್ನು ಗೂಢಲಿಪಿಯಲ್ಲಿ ಕ್ಲೌಡ್‌ಗೆ ಏರಿಸಿ, ಮನೆಯಲ್ಲಿ ವಿಡಿಯೊ ತೋರಿಸುವ ಜೆಲ್ಲಿಫಿನ್ ಸರ್ವರ್‌ಗೆ ಮೌಂಟ್ ಮಾಡುವವರು (ಕ್ಲೌಡನ್ನು ಸ್ಥಳೀಯ ಫೋಲ್ಡರ್‌ನಂತೆ ಜೋಡಿಸುವವರು) ಫೈಲ್‌ಗಳಿಗೆ ಕನ್ನಡದಲ್ಲಿ ಹೆಸರಿಟ್ಟಾಗ ಒಂದು ತೊಡಕು ಎದುರಾಗುತ್ತದೆ. ಹೆಸರನ್ನೂ ಮರೆಮಾಚುವ ‘ಸ್ಟ್ಯಾಂಡರ್ಡ್’ ಆಯ್ಕೆಯಲ್ಲಿ ಮೂಲ ಹೆಸರು 143 ಬೈಟ್ ಮೀರಿದರೆ ಗೂಢಲಿಪಿಯ ಹೆಸರು 255 ಅಕ್ಷರ ದಾಟುತ್ತದೆ. ಅಷ್ಟೇ ಮಿತಿಯಿರುವ ಕ್ಲೌಡ್ ಆ ಫೈಲನ್ನು ಸ್ವೀಕರಿಸುವುದಿಲ್ಲ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ ಪ್ರತಿ ಯೂನಿಕೋಡ್ ಸಂಕೇತಕ್ಕೆ ಮೂರು ಬೇಕು. ಹಾಗಾಗಿ ನಮಗೆ ಸಿಗುವುದು 47 ಸಂಕೇತ ಮಾತ್ರ, ಅದರಲ್ಲಿ ‘ಸ್ತ್ರೀ’ ಎಂಬ ಒಂದೇ ಅಕ್ಷರ ಆರನ್ನು ನುಂಗುತ್ತದೆ!

ಮಿತಿ ಅನ್ವಯಿಸುವುದು ಪೂರ್ತಿ ಹಾದಿಗಲ್ಲ, ಪ್ರತಿ ಫೋಲ್ಡರ್ ಮತ್ತು ಫೈಲ್ ಹೆಸರಿಗೆ ಬೇರೆಬೇರೆಯಾಗಿ. ಆದ್ದರಿಂದ ಹೆಸರು ಚಿಕ್ಕದಿರಲಿ, ಉದ್ದದ ಶೀರ್ಷಿಕೆ ವಿಡಿಯೊದ ವಿವರ ಹೊತ್ತ ಎನ್‌ಎಫ್‌ಒ ಫೈಲ್‌ನೊಳಗಿರಲಿ. ಗೂಢಲಿಪಿಯ ಹೆಸರು ಬರೆಯುವ ಬಗೆಯಾಗಿ ಬೇಸ್64 ಆಯ್ದುಕೊಂಡರೆ ತುಸು ಹೆಚ್ಚು ಜಾಗ ಸಿಗುತ್ತದೆ. ಆದರೆ ಇಂಗ್ಲಿಷಿನ ದೊಡ್ಡ–ಸಣ್ಣ ಅಕ್ಷರಗಳನ್ನು ಒಂದೇ ಎಂದು ನೋಡುವ ಡ್ರಾಪ್‌ಬಾಕ್ಸ್, ಒನ್‌ಡ್ರೈವ್‌ಗಳಿಗೆ ಅದು ಹೊಂದದು. ಈ ಆಯ್ಕೆಯನ್ನು ನಡುವೆ ಬದಲಿಸಿದರೆ ಹಳೆಯ ಹೆಸರುಗಳನ್ನು ಓದಲಾಗದು.

ಇದಕ್ಕಿಂತ ದೊಡ್ಡ ಪೆಟ್ಟು ಖಾಲಿ ಫೋಲ್ಡರ್‌ನದು. ಮೌಂಟ್ ಬಿದ್ದಿರುವಾಗ ಜೆಲ್ಲಿಫಿನ್ ಸ್ಕ್ಯಾನ್ ನಡೆಸಿದರೆ ಎಲ್ಲವೂ ಅಳಿದಿದೆ ಎಂದುಕೊಂಡು ಲೈಬ್ರರಿ ಖಾಲಿ ಮಾಡಬಹುದು. ಇದನ್ನು ತಪ್ಪಿಸಲು, ಲಿನಕ್ಸ್‌ನಲ್ಲಿ ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿಯಲ್ಲಿ ಮೌಂಟ್‌ನ ಟೈಪ್ ‘ನೋಟಿಫೈ’ ಆಗಿರಲಿ. ಮೌಂಟ್ ಸಿದ್ಧವಾದ ಮೇಲಷ್ಟೇ ಶುರುವಾಗುವಂತೆ ಜೆಲ್ಲಿಫಿನ್ ಸೇವೆಗೆ ‘ರಿಕ್ವೈರ್ಸ್’, ‘ಆಫ್ಟರ್’ ಎರಡೂ ಸಾಲು ಸೇರಿಸಿ. ಜೆಲ್ಲಿಫಿನ್ ಬೇರೆ ಬಳಕೆದಾರನ ಹೆಸರಲ್ಲಿ ಓಡುವುದರಿಂದ ಮೌಂಟ್‌ಗೆ ‘ಅಲೋ ಅದರ್’ (ಇತರ ಬಳಕೆದಾರರಿಗೂ ಪ್ರವೇಶ) ಬೇಕು, ಮೌಂಟ್‌ಗೆ ನೆರವಾಗುವ ಫ್ಯೂಸ್‌ನ ಕಾನ್ಫ್ ಫೈಲ್‌ನಲ್ಲೂ ಅದಕ್ಕೆ ಅನುಮತಿ ಕೊಡಬೇಕು. ಮೌಂಟ್ ‘ರೀಡ್ ಓನ್ಲಿ’ ಇದ್ದರೆ ಒಳ್ಳೆಯದು.

ಓದಿದ ಭಾಗವನ್ನು ಡಿಸ್ಕ್‌ನಲ್ಲಿ ತಾತ್ಕಾಲಿಕವಾಗಿ ಇಡುವ ಆರ್‌ಕ್ಲೋನ್‌ನ ವಿಎಫ್‌ಎಸ್ ಕ್ಯಾಶ್ ಮೋಡ್ ‘ಫುಲ್’ ಇಟ್ಟು, ಗಾತ್ರ 50 ಜಿಬಿ ಎಂದು ಕೊಟ್ಟರೂ ಡಿಸ್ಕ್‌ನಲ್ಲಿ ಅದಕ್ಕಿಂತ ಹೆಚ್ಚು ಖಾಲಿ ಜಾಗವಿರಬೇಕು. ತೆರೆದಿರುವ ಫೈಲನ್ನು ಕ್ಯಾಶ್ ಹೊರಹಾಕುವುದಿಲ್ಲ. ಜೆಲ್ಲಿಫಿನ್‌ನಲ್ಲಿ ಟ್ರಿಕ್‌ಪ್ಲೇ (ಮುಂದೋಡಿಸುವಾಗ ಕಾಣುವ ಪುಟ್ಟ ಚಿತ್ರಗಳು), ಅಧ್ಯಾಯಚಿತ್ರ ಎರಡನ್ನೂ ಆಫ್ ಮಾಡಿಬಿಡಿ. ಟ್ರಿಕ್‌ಪ್ಲೇ ತಯಾರಿಸಲು ಪ್ರತಿ ವಿಡಿಯೊ ಆದ್ಯಂತ ಓದಬೇಕಾಗಿ, ಬ್ರಾಡ್‌ಬ್ಯಾಂಡ್ ಕೋಟಾ ಗೊತ್ತಾಗದಂತೆ ಕರಗುತ್ತದೆ.

ಆರ್‌ಕ್ಲೋನ್‌ನ ಸಂರಚನಾ ಫೈಲ್‌ನಲ್ಲಿ ಪಾಸ್‌ವರ್ಡ್ ಕಲಸಿದಂತೆ ಕಾಣುತ್ತದೆ, ಅಷ್ಟೆ. ‘ರಿವೀಲ್’ ಆದೇಶ ಅದನ್ನು ಕ್ಷಣದಲ್ಲಿ ಬಿಚ್ಚಿಡುತ್ತದೆ. ಹಾಗಾಗಿ ಆ ಫೈಲ್‌ಗೇ ಇನ್ನೊಂದು ಪಾಸ್‌ವರ್ಡ್ ಹಾಕಿ. ಮುಖ್ಯ ಪಾಸ್‌ವರ್ಡ್ ಜೊತೆಗೆ ಸಾಲ್ಟ್‌ಗಾಗಿ (ಗೂಢಲಿಪಿಯನ್ನು ಗಟ್ಟಿಗೊಳಿಸಲು ಬೆರೆಸುವ ಪದ) ಕೊಟ್ಟ ಎರಡನೆಯದನ್ನೂ ಕಾಗದದಲ್ಲಿ ಬರೆದಿಡಿ. ಕಳೆದರೆ ಕ್ಲೌಡ್ ಕಂಪನಿಯೂ ಬಿಡಿಸಿಕೊಡಲಾರದು.

ಮನೆಯ ಡಿಸ್ಕ್‌ನ ಮೂಲ ಪ್ರತಿ ಅಳಿಸುವ ಮುನ್ನ ಕ್ಲೌಡ್‌ನ ಪ್ರತಿ ಸರಿಯಿದೆಯೇ ಎಂದು ಹೋಲಿಸುವ ‘ಕ್ರಿಪ್ಟ್‌ಚೆಕ್’ ಆದೇಶ ಓಡಿಸಿ. ಸಾದಾ ‘ಚೆಕ್’ ಇಲ್ಲಿ ಗಾತ್ರ ಹೋಲಿಸಿ ಸುಮ್ಮನಾಗುತ್ತದೆ, ಏಕೆಂದರೆ ಕ್ರಿಪ್ಟ್ ತನ್ನದೇ ಹ್ಯಾಶ್ (ಫೈಲ್‌ನ ಬೆರಳಚ್ಚಿನಂಥ ಸಂಖ್ಯೆ) ಕೊಡುವುದಿಲ್ಲ.

– ಓದುಗ, ಧಾರವಾಡ