ಪಿಸ್ಟನ್ ರಂಧ್ರದ ಗುಟ್ಟು ತಿಳಿಸಿಕೊಟ್ಟವರಿಗೆ

ರೇಡಿಯೊ ನಿಯಂತ್ರಿತ ಕಾರಿನ ಶಾಕ್ ಅಬ್ಸಾರ್ಬರ್‌ನೊಳಗೆ ಎಣ್ಣೆಯಲ್ಲಿ ಚಲಿಸುವ, ಎಣ್ಣೆ ಹಾಯಲು ರಂಧ್ರಗಳಿರುವ ಪಿಸ್ಟನ್ನನ್ನು ತಿದ್ದುವ ಬಗೆಯನ್ನು, ಹೆಸರನ್ನೂ ಹೇಳದೆ, ತಾಳ್ಮೆಯಿಂದ ತಿಳಿಸಿಕೊಟ್ಟ ತಮಗೆ ನಾನು ಋಣಿ. ರಂಧ್ರವನ್ನು ಹಿಗ್ಗಿಸಿ ಇನ್ನಷ್ಟು ಮಂದವಾದ ಎಣ್ಣೆ ತುಂಬಿದರೆ, ಪಿಸ್ಟನ್ ನಿಧಾನವಾಗಿ ಚಲಿಸುವಾಗ ಎಣ್ಣೆಯ ತಡೆ ಮೊದಲಿನಂತೆಯೇ ಉಳಿದು, ಕಾರು ಜಿಗಿದು ನೆಲಕ್ಕಪ್ಪಳಿಸುವ ಕ್ಷಣದಲ್ಲಿ ಎಣ್ಣೆಗೆ ದಾರಿ ಸಾಲದೆ ಪಿಸ್ಟನ್ ಬಿಗಿದುಕೊಳ್ಳುವುದು ಕಡಿಮೆಯಾಗುತ್ತದೆ ಎಂಬುದನ್ನು ಇಷ್ಟು ತಿಳಿಯಾಗಿ ಬೇರಾರೂ ಹೇಳಿರಲಿಲ್ಲ. 1.2 ಮಿಲಿಮೀಟರ್ ರಂಧ್ರವನ್ನು 1.3ಕ್ಕೆ ಏರಿಸಿದರೆ ವಿಸ್ತೀರ್ಣ ಸುಮಾರು ಶೇಕಡಾ 17ರಷ್ಟು ಹೆಚ್ಚುತ್ತದೆ. ಕಣ್ಣಿಗೆ ಅಷ್ಟಾಗಿ ಕಾಣದ ಈ ವ್ಯತ್ಯಾಸ ಕಾರಿನ ನಡೆಯಲ್ಲಿ ಮಾತ್ರ ಚೆನ್ನಾಗಿಯೇ ಗೊತ್ತಾಗುತ್ತದೆ. ಡ್ರಿಲ್ ಬಿಟ್ಟನ್ನು ಯಂತ್ರಕ್ಕೆ ಸಿಕ್ಕಿಸದೆ ಬೆರಳಿನಿಂದಲೇ ತಿರುಗಿಸಬೇಕು, ಅಂಚಿನಲ್ಲೇಳುವ ಪ್ಲಾಸ್ಟಿಕ್ ಸಿಬಿರನ್ನು ಬ್ಲೇಡಿನಿಂದ ಹೆರೆಯಬೇಕು ಎಂಬ, ಮೇಲ್ನೋಟಕ್ಕೆ ಸಣ್ಣದೆನಿಸುವ ಸೂಚನೆಗಳೇ ಹೆಚ್ಚು ಉಪಕಾರ ಮಾಡಿದವು. ರಂಧ್ರದ ಒಂದೇ ಬದಿಯ ಬಾಯನ್ನು ಅಗಲಿಸಿ, ಶಾಕ್ ಕುಗ್ಗುವಾಗೊಂದು, ಹಿಗ್ಗುವಾಗೊಂದು ಬಗೆಯ ತಡೆ ಪಡೆಯುವ ತಮ್ಮ ಸಲಹೆಯನ್ನು ಈಗ ಹಿಂಬದಿಯ ಶಾಕ್‌ಗಳಲ್ಲಿ ಪರೀಕ್ಷಿಸುತ್ತಿದ್ದೇನೆ.