ಸೈಕಲ್‌ ಸವಾರರಿಗೆ ಕಾನೂನು ಅನ್ವಯಿಸುವುದಿಲ್ಲವೇ?

ಮಾನ್ಯರೇ,

ಗಾಂಧಿ ಚೌಕದ ಬಳಿ ಸೈಕಲ್ ಬಡಿದು ವೃದ್ಧೆಯೊಬ್ಬರಿಗೆ ‘ಸಣ್ಣಪುಟ್ಟ ಗಾಯ’ವಾದ ವರದಿಯನ್ನು ನಿಮ್ಮ ಪತ್ರಿಕೆಯಲ್ಲಿ ಓದಿದೆ. ಆ ವೃದ್ಧೆ ನನ್ನ ತಾಯಿ. ಬಲಗೈ ಮಣಿಕಟ್ಟಿನ ಎಲುಬು ಮುರಿದಿದೆ, ಕನ್ನಡಕ ಚೂರಾಗಿದೆ.

ಸಿದ್ಧೇಶ್ವರ ಗುಡಿಗೆ ಹೋಗಿ, ಕಾಯಿಪಲ್ಯೆ ಚೀಲ ಹಿಡಿದು ರಸ್ತೆ ದಾಟುತ್ತಿದ್ದವರ ಮೇಲೆ ವಿರುದ್ಧ ದಿಕ್ಕಿನಿಂದ ಬಂದ ಆ ತರುಣನ ಎರಡೂ ಕಿವಿಗಳಲ್ಲಿ ಇಯರ್‌ಫೋನ್ ಇತ್ತು. ಸೈಕಲ್ಲಿಗೆ ಬೆಲ್ ಇರಲಿಲ್ಲ, ಬ್ರೇಕ್ ಎಂದರೆ ಚಪ್ಪಲಿಯ ಅಟ್ಟೆಯನ್ನು ಮುಂದಿನ ಗಾಲಿಗೆ ಒತ್ತುವುದು. ಬಿದ್ದವರನ್ನು ಎಬ್ಬಿಸುವುದು ಬಿಟ್ಟು, ‘ಆಯಿ, ನೋಡಿ ದಾಟಾಕ ಬರೂದಿಲ್ಲೇನು?’ ಎಂದು ಗದರಿಸಿ ಹೋದನಂತೆ. ಈಗ ನಾನು ಕೆಲಸಕ್ಕೆ ರಜೆ ಹಾಕಿ ಆಸ್ಪತ್ರೆಗೆ ಅಲೆಯುತ್ತಿದ್ದೇನೆ, ಮಗಳು ಶಾಲೆಗೆ ಹೊರಡುವ ಮುನ್ನ ಅಜ್ಜಿಯ ತಲೆ ಬಾಚುತ್ತಾಳೆ, ರೊಟ್ಟಿ ಬಡಿಯುವ ಕೈಗೆ ಪ್ಲಾಸ್ಟರ್ ಬಿದ್ದಿರುವುದರಿಂದ ಮನೆಗೆಲ್ಲ ಖಾನಾವಳಿಯ ರೊಟ್ಟಿಯೇ ಗತಿಯಾಗಿದೆ. ಬೈಕ್ ಬಡಿದಿದ್ದರೆ ವಿಮೆಯಾದರೂ ಇರುತ್ತಿತ್ತು; ಸೈಕಲ್ಲಿಗೆ ಅದೂ ಇಲ್ಲ.

ದೂರು ಕೊಡಲು ಹೋದರೆ, ‘ನಂಬರ್ ಇಲ್ಲ, ಲೈಸನ್ಸ್ ಇಲ್ಲ, ಯಾರ ಮೇಲೆ ಕೇಸ್ ಹಾಕೋಣ?’ ಎಂದು ನನ್ನನ್ನೇ ಕೇಳಿದರು. ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಮು ಮೋಟಾರು ವಾಹನಕ್ಕಷ್ಟೇ ಅಲ್ಲ, ಸಾರ್ವಜನಿಕ ರಸ್ತೆಯಲ್ಲಿ ಜೀವಕ್ಕೆ ಅಪಾಯವಾಗುವಂತೆ ಓಡಿಸುವ ಯಾವುದೇ ವಾಹನಕ್ಕೂ ಅನ್ವಯಿಸುತ್ತದೆ, 6 ತಿಂಗಳವರೆಗೆ ಶಿಕ್ಷೆ ಇಲ್ಲವೇ 1,000 ರೂಪಾಯಿವರೆಗೆ ದಂಡ ವಿಧಿಸಬಹುದು ಎಂಬುದನ್ನು ಠಾಣೆಯವರಿಗೆ ದೂರುದಾರನೇ ಓದಿ ಹೇಳಬೇಕೆಂದರೆ ಏನು ಹೇಳುವುದು? ಹೆಲ್ಮೆಟ್ ಇಲ್ಲದವರನ್ನು ಮರೆಯಲ್ಲಿ ನಿಂತು ಹಿಡಿಯುವಾಗ ಮಾತ್ರ ಕಾನೂನಿನ ಪುಟ, ಸಾಲು ಎಲ್ಲವೂ ಬಾಯಿಪಾಠ ಇರುತ್ತದೆ.

ಸೈಕ್ಲಿಂಗ್‌ನಲ್ಲಿ ನಮ್ಮ ಜಿಲ್ಲೆಗೆ ಹೆಸರಿದೆ ಎಂಬುದನ್ನು ನಾನು ಮರೆತಿಲ್ಲ. ನಸುಕಿನಲ್ಲಿ ಹೆಲ್ಮೆಟ್ ಧರಿಸಿ ಅಭ್ಯಾಸಕ್ಕೆ ಹೊರಡುವ ಆ ಹುಡುಗ ಹುಡುಗಿಯರು ಯಾರಿಗೂ ಬಡಿದವರಲ್ಲ. ಅವರಿಗಾಗಿ ಭೂತನಾಳದ ಬಳಿ ಕೈಗೆತ್ತಿಕೊಂಡ ವೆಲೊಡ್ರೋಮ್ (ಸೈಕಲ್ ಪಂದ್ಯದ ಟ್ರ್ಯಾಕ್) ಕಾಮಗಾರಿ ವರ್ಷಗಟ್ಟಲೆ ಎಳೆದಾಡಿದ್ದನ್ನು ನೋಡಿದವರಿಗೆ, ಚೌಕದಲ್ಲಿ ರಸ್ತೆ ದಾಟುವವರಿಗಾಗಿ ಒಂದು ಬಿಳಿ ಪಟ್ಟೆ ಬಳಿಯಲು ಏಕೆ ಇಷ್ಟು ತಡ ಎಂದು ಆಶ್ಚರ್ಯವಾಗಲಾರದು. ಫುಟ್‌ಪಾತಿನ ಮೇಲೆ ಅಂಗಡಿಗಳ ಸಾಮಾನು, ಅದರಾಚೆ ಬೈಕುಗಳ ಸಾಲು, ಅದರಾಚೆ ಪೈಪಿಗೆಂದು ಅಗೆದು ಹಾಗೆಯೇ ಬಿಟ್ಟ ತಗ್ಗು. ಮುದುಕರು ನಡೆಯುವುದಾದರೂ ಎಲ್ಲಿ? ಈ ಕುರಿತು ಹಿಂದೆಯೇ ಕೊಟ್ಟ ಅರ್ಜಿಗೆ ಸೀಲು ಬಿದ್ದಿದ್ದಷ್ಟೇ, ಉತ್ತರವಿಲ್ಲ. ಸಾಹೇಬರು ಬದಲಾದಾಗಲೆಲ್ಲ ಹೊಸ ಅರ್ಜಿ ಬರೆಯಿರಿ ಎನ್ನುತ್ತಾರೆ.

ಆದ್ದರಿಂದ ಮಾರುಕಟ್ಟೆ ರಸ್ತೆಗಳಲ್ಲಿ ಸಂಜೆ ಹೊತ್ತು ಸೈಕಲ್ ಸಂಚಾರವನ್ನೇ ನಿಷೇಧಿಸಬೇಕು, ಇಲ್ಲವೇ ಸೈಕಲ್ಲಿಗೆ ಪ್ರತ್ಯೇಕ ದಾರಿ ಮಾಡಿಕೊಡಬೇಕು. ಎರಡನ್ನೂ ಮಾಡಿದರೂ ನಮ್ಮ ತಕರಾರಿಲ್ಲ. ಸಂಬಂಧಪಟ್ಟವರು ಕುರ್ಚಿ ಬಿಟ್ಟು ಎದ್ದು, ಸಂಜೆ ಆರರ ಹೊತ್ತಿಗೆ ಜೀಪಿಲ್ಲದೆ ಒಮ್ಮೆ ಚೌಕ ದಾಟಿ ನೋಡಲಿ. ಅದೂ ಆಗದಿದ್ದರೆ, ಪ್ರತಿ ಜನವರಿಯಲ್ಲಿ ರಸ್ತೆ ಸುರಕ್ಷತೆಯ ಹೆಸರಿನಲ್ಲಿ ಕಟ್ಟುವ ಬ್ಯಾನರುಗಳ ಖರ್ಚನ್ನಾದರೂ ಉಳಿಸಲಿ.

– ನೊಂದ ಓದುಗ, ವಿಜಯಪುರ