ಹಿತ್ತಿಲು ಸುಮ್ಮನಿದೆ ಅಂತ ಬರೆದಿದ್ದೀಯಲ್ಲ

ಪುಟ್ಟಿ,

ಮನೆ ಸುದ್ದಿಯೆಲ್ಲ ಅಮ್ಮ ಹೇಳಿರುತ್ತಾಳೆ, ಅದು ಬಿಡು. ನಿನ್ನ ಪತ್ರದ ಒಂದು ಸಾಲು ನನ್ನ ನಿದ್ದೆ ಕೆಡಿಸಿತು. ಹಿತ್ತಿಲಲ್ಲಿ ಹಕ್ಕಿ ಸದ್ದೇ ಇಲ್ಲ ದೊಡ್ಡಮ್ಮ, ಈ ಮಣ್ಣಲ್ಲಿ ಮಗುವನ್ನು ಆಡಲು ಬಿಡಬಹುದಾ ಅಂತ ಕೇಳಿದ್ದೀಯ.

ಬೇರೆ ಊರಿನವರಾದರೆ ನಗುತ್ತಿದ್ದರೋ ಏನೋ. ಕಾಸರಗೋಡಿನ ಎಣ್ಮಕಜೆ ಕಡೆ ಬದುಕಿದ ನನಗೆ ನಗು ಬರಲಿಲ್ಲ. ಗೇರು ಹೂ ಬಿಡುವ ಹೊತ್ತಿಗೆ, ಅಂದರೆ ಚಳಿ ಶುರುವಾಗುವಾಗಲೇ, ಹೆಲಿಕಾಪ್ಟರ್ ಬರುತ್ತಿತ್ತು. ಗೇರಿನ ಚಿಗುರು ಹೀರುವ ಟೀ ಸೊಳ್ಳೆ ಎಂಬ ಕೀಟಕ್ಕೆ ಮದ್ದು ಅಂತ ಎಂಡೋಸಲ್ಫಾನ್ ಎಂಬ ವಿಷ ಸುರಿಯುತ್ತಿದ್ದರು. ಗುಡ್ಡದ ಮೇಲೆ ಸುರಿದದ್ದು ಕೆಳಗಿನ ತೋಡಿಗೆ, ನೀರಿಗೆಂದು ಗುಡ್ಡಕ್ಕೆ ಅಡ್ಡ ಕೊರೆದ ಸುರಂಗಕ್ಕೆ ಇಳಿಯದೆ ಇರುತ್ತದಾ? ನಮ್ಮ ಪೆಟ್ಟಿಗೆಗಳಲ್ಲಿ ಜೇನು ಸತ್ತದ್ದು ಗೊತ್ತಾಯಿತು. ಹಕ್ಕಿ ಎಷ್ಟು ಹೋದವೋ, ನಾವ್ಯಾರೂ ಲೆಕ್ಕ ಇಡಲಿಲ್ಲ. ನಿನ್ನ ಅಜ್ಜಿಗೆ ಯಾವ ಹಕ್ಕಿ ಯಾವ ತಿಂಗಳು ಬರುತ್ತದೆ ಅಂತ ಬಾಯಿಪಾಠ ಇತ್ತು. ಕೇಳಿ ಬರೆದಿಟ್ಟಿದ್ದರೆ ಇವತ್ತು ಅದನ್ನೇ ನಿನ್ನ ಕೈಗೆ ಕೊಡುತ್ತಿದ್ದೆ. ಆ ಸಂಕಟ ಹೋಗುವುದಿಲ್ಲ.

ಆದರೆ ಆ ಸಿಂಪಡಣೆ ನಿಂತದ್ದು 2000ದಲ್ಲಿ. 2011ರಲ್ಲಿ ಸುಪ್ರೀಂ ಕೋರ್ಟು ದೇಶಕ್ಕೇ ತಡೆ ಹಾಕಿತು. ನಿನ್ನ ಹಿತ್ತಿಲಿನ ಮೌನ ಆಗಿನ ಮೌನವೇ ಅಂತ ನನಗೆ ಅನ್ನಿಸುವುದಿಲ್ಲ. ಮಡಿವಾಳ ಹಕ್ಕಿ ಜೋರಾಗಿ ಹಾಡುವುದು ಬೇಸಿಗೆಯಿಂದ ಮಳೆ ಹಿಡಿಯುವವರೆಗೆ, ಮರಿಗಳು ಹಾರಿಹೋದ ಮೇಲೆ ಅದಕ್ಕೆ ಯಾರನ್ನು ಕರೆಯಲಿಕ್ಕಿದೆ? ದೂರದಿಂದ ಬರುವವು ಈಗಷ್ಟೇ ಇಳಿಯುತ್ತಿವೆ. ಬಾಲ ಕುಣಿಸುವ ಬೂದು ಸಿಪಿಲೆ ಹಿಮಾಲಯದ ಕಡೆಯಿಂದ ಬರಬೇಕು. ನವರಂಗ ಹಕ್ಕಿ ರಾತ್ರಿ ಹೊತ್ತು ಹಾರಿಕೊಂಡು ಬರುತ್ತದೆ, ಬಂದರೂ ಕಾಣಿಸಿಕೊಳ್ಳುವುದು ಕಮ್ಮಿ. ಬೆಳಗಾಗುವಾಗ ಮತ್ತು ಸಂಜೆ ದೀಪ ಹಚ್ಚುವ ಹೊತ್ತಿಗೆ ಎರಡು ಸ್ವರದ ಶಿಳ್ಳೆ ಹಾಕುತ್ತದೆ. ಆಗ ನೀನು ಒಳಗೆ ಕುಕ್ಕರ್ ಸದ್ದಿನಲ್ಲಿ ಇರುತ್ತೀ, ಅಲ್ವಾ?

ಹೇಳಬಾರದೇನೋ, ಅಂಗಳ ಅಷ್ಟು ಗುಡಿಸಬೇಡ. ನವರಂಗಕ್ಕೆ ಹುಳ ಸಿಗುವುದು ತರಗೆಲೆ ಕೆದಕಿದರೇ. ಬೆಕ್ಕನ್ನು ಸಂಜೆ ಒಳಗೆ ಹಾಕಿದರೆ ಒಳ್ಳೆಯದು, ಅದು ನಿನ್ನ ಮಾತು ಕೇಳುತ್ತದೋ ಇಲ್ಲವೋ. ಮಣ್ಣಿನ ಭಯ ಇದರಿಂದ ಹೋಗುವುದಿಲ್ಲ, ನನಗೂ ಗೊತ್ತು. ನನಗೇ ಪೂರ್ತಿ ಹೋಗಿಲ್ಲ, ಈಗಲೂ ಮೇಲೆ ಹೆಲಿಕಾಪ್ಟರ್ ಸದ್ದಾದರೆ ಬಟ್ಟೆ ಒಳಗೆ ತರಲು ಓಡುತ್ತೇನೆ. ಬಾವಿ ನೀರು, ಮಣ್ಣು ಎರಡನ್ನೂ ಪರೀಕ್ಷೆ ಮಾಡಿಸು, ಖರ್ಚು ನಾನು ಕೊಡುತ್ತೇನೆ. ಹಕ್ಕಿ ಬಂತು ಅಂತ ಪರೀಕ್ಷೆ ಬಿಡಬೇಡ, ಬರಲಿಲ್ಲ ಅಂತ ಮಗುವನ್ನು ಕಟ್ಟಿಹಾಕಲೂ ಬೇಡ. ಅಂಗಳದಿಂದ ಬಂದ ಮೇಲೆ ಕೈಕಾಲು ತೊಳೆಸು, ಅಷ್ಟು ಸಾಕು ಸದ್ಯಕ್ಕೆ.

ತುಲಾ ತಿಂಗಳ ಗುಡುಗು ಮಳೆ ಮುಗಿದ ಮೇಲೆ ಮಗುವನ್ನು ಕರೆದುಕೊಂಡು ಬಾ. ಶುಕ್ಲ ಅಷ್ಟಮಿ ಆಸುಪಾಸಿನಲ್ಲಿ ಬಾ, ಹುಣ್ಣಿಮೆಗಲ್ಲ. ಅರ್ಧಚಂದ್ರನ ಅಂಚಿನಲ್ಲಿ ನೆರಳು ಉದ್ದ ಇರುತ್ತದೆ, ಬೈನಾಕುಲರಿನಲ್ಲೂ ಕುಳಿಗಳು ಕಾಣುತ್ತವೆ, ಹುಣ್ಣಿಮೆಯಲ್ಲಿ ಎಲ್ಲ ಚಪ್ಪಟೆ. ನನ್ನ ಬೈನಾಕುಲರಿನ ಎಡಗಡೆ ಗಾಜಿಗೆ ಬೂಸಲು ಹಿಡಿದಿದೆ, ಬಲಗಡೆ ಸರಿ ಇದೆ. ಬರುವಾಗ ಮಗುವಿಗೆ ಸ್ವೆಟರ್ ತಾ.

ನಿನ್ನ ದೊಡ್ಡಮ್ಮ